ತೆರಿಗೆ ಅರ್ಜಿಗೆ ಒತ್ತಿಸಿದ ಹೆಬ್ಬೆಟ್ಟು

ಮಕ್ಕಳೇ, ನಾನು ಅಮೆರಿಕಕ್ಕೆ ನಿಮ್ಮ ತಾತನ ಹತ್ತಿರ ಅಷ್ಟು ತಡವಾಗಿ ಯಾಕೆ ಹೋದೆ ಎಂದು ಕೇಳುತ್ತಿರುತ್ತೀರಿ. ಬಾಯಲ್ಲಿ ಹೇಳಲು ನನಗೆ ಸಂಕೋಚ. ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆ. ತಾತ ಅಲ್ಲಿ ದನಗಳ ಕಾಯಿಲೆ ಬಗ್ಗೆ ಓದುತ್ತಾ ಕೆಲಸದಲ್ಲಿದ್ದರು. ನಾನು ಅಜ್ಜಂಪುರದಲ್ಲಿ ಅತ್ತೆ ಮನೆಯಲ್ಲಿದ್ದೆ. ಗಂಡ ಹೆಂಡತಿ ಸೇರಿ ತೆರಿಗೆ ಪತ್ರ ಸಲ್ಲಿಸಿದರೆ ಅಲ್ಲಿ ತೆರಿಗೆ ಕಡಿಮೆಯಾಗುತ್ತಿತ್ತು, ಉಳಿದದ್ದರಲ್ಲಿ ನನ್ನ ವಿಮಾನದ ಟಿಕೆಟ್ ಆಗುತ್ತಿತ್ತು. ಆದರೆ ನನಗೆ ಅಲ್ಲಿನ ತೆರಿಗೆ ನಂಬರ್ ಇರಲಿಲ್ಲ. ನಂಬರ್ ಕೇಳುವ ಅರ್ಜಿಯನ್ನೂ ತೆರಿಗೆ ಪತ್ರವನ್ನೂ ತಾತ ನನ್ನ ಸಹಿಗೆಂದು ಕಳಿಸಿದರು.

ಲಕೋಟೆ ಒಡೆದವರು ತಾತನ ಅಣ್ಣ, ನನ್ನ ಭಾವ. ಅವರೆದುರು ನಾನು ಬರುವಂತಿರಲಿಲ್ಲ, ಬಾಗಿಲ ಹಿಂದೆ ನಿಂತಿದ್ದೆ.

"ಏನಮ್ಮಾ, ಹೆಬ್ಬೆಟ್ಟು ಕೊಡು ಇಲ್ಲಿ."

"ಏಳನೇ ಕ್ಲಾಸ್ ಓದವ್ಳೆ ಕಣೋ, ಸಹಿ ಹಾಕ್ತಾಳೆ," ಅಂದರು ಅತ್ತೆ.

"ಹಾಕ್ತಾಳೆ, ಅಮಲ್ದಾರ್ರು ನೋಡು ಇವ್ಳು! ಈ ಮನೇಲಿ ಯಾವ ಹೆಂಗ್ಸು ಪೆನ್ನು ಹಿಡಿದವ್ಳೆ ಹೇಳವ್ವ?"

ಅತ್ತೆ ಮಸಿ ತಂದುಕೊಟ್ಟರು. ನಾನು ಬಾಗಿಲ ಸಂದಿನಿಂದ ಕೈ ಚಾಚಿದೆ. ಆ ಕೈಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಸಾಕ್ಷಿಗಳ ಸಹಿ ಇಲ್ಲದ ಹೆಬ್ಬೆಟ್ಟು ನಡೆಯುವುದಿಲ್ಲವೆಂದು ಅಲ್ಲಿ ಎರಡನ್ನೂ ತಿರುಗಿಸಿದರು. ಅಷ್ಟರಲ್ಲಿ ಆ ವರ್ಷದ ಗಡುವು ದಾಟಿತ್ತು, ಟಿಕೆಟ್ ಒಂದು ವರ್ಷ ಮುಂದಕ್ಕೆ ಹೋಯಿತು.

"ಅಮೆರಿಕದೋರಿಗೆ ಬುದ್ಧಿ ಇಲ್ಲ ಕಣವ್ವ," ಅಂದರು ಭಾವ. ಅಷ್ಟೇ!

ಮುಂದಿನ ವರ್ಷ ತಾತ ಮತ್ತೆ ಆ ಎರಡು ಕಾಗದ ಕಳಿಸಿದಾಗ ಪೋಸ್ಟಿನವರನ್ನು ಕಾದು ನಾನೇ ಜಗಲಿಯಲ್ಲಿ ನಿಂತೆ. ಅವರ ಪೆನ್ನನ್ನೇ ಕೇಳಿ, ಭಾವ ನೋಡುತ್ತಿರುವಾಗಲೇ ಎರಡಕ್ಕೂ ಸಹಿ ಹಾಕಿದೆ. ಕೋಪದಲ್ಲಿ ನಿಬ್ಬು ಕಾಗದಕ್ಕೆ ಊರಿತ್ತು.

ಭಾವನ ಮನೆಯವರು ಇದನ್ನು ಓದಿ ಬೇಜಾರು ಮಾಡಿಕೊಂಡಾರು. ಅದಕ್ಕೆ ಹೆದರಿ ಈ ಹಾಳೆಗಳನ್ನು ಹರಿಯಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ.