ಗಿವ್ ಅಪ್ ಮತ್ತು ಅಕ್ಕನ ಬಾಣಂತನ

ಅರವತ್ತರ ದಶಕದಲ್ಲಿ ಕುಂದಾಪುರದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಾಷ್ಟ್ರಿಗೆ ‘ಗಿವ್ ಅಪ್’ ಎಂದರೆ ಪ್ರಾಣ. ಹೊಗೆಸೊಪ್ಪು ಬಿಡುವುದೂ ಗಿವ್ ಅಪ್, ಲೆಕ್ಕ ಬಾರದೆ ಕೈಚೆಲ್ಲುವುದೂ ಗಿವ್ ಅಪ್, ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಡುವುದೂ ಅದೇ. ರೋಗಿ ಉಳಿಯುವುದಿಲ್ಲವೆಂದು ಡಾಕ್ಟರು ಆಸೆ ಬಿಟ್ಟರೂ ಅದೇ. ‘ಅದನ್ನು ಬಿಡು’ ಎನ್ನಲು ‘ಗಿವ್ ಇಟ್ ಅಪ್’; ‘ಇಟ್’ ಕೊನೆಗೆ ಹೋಯಿತೋ, ಬೆತ್ತ. ಗಂಡುಹುಡುಗರೆಲ್ಲ ತಡವರಿಸುವಾಗ ನಾನು ಒಂದೇ ಉಸಿರಿಗೆ ಹೇಳುತ್ತಿದ್ದೆ. ಹೊಗೆಸೊಪ್ಪಿನ ಉದಾಹರಣೆ ಕೊಡುವಾಗ ಮಾಷ್ಟ್ರ ಬಾಯಲ್ಲೇ ಅದು ಇರುತ್ತಿತ್ತು, ಆ ಮಾತು ಬೇರೆ.

ಎಸ್ಸೆಸ್ಸೆಲ್ಸಿ ವರ್ಷವೇ ಅಕ್ಕ ಚೊಚ್ಚಲ ಹೆರಿಗೆಗೆ ಬಂದಳು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದ್ದೇ. ಹಂಡೆಗಟ್ಟಲೆ ನೀರು ಕಾಯಿಸಬೇಕು, ಎಣ್ಣೆ ತಿಕ್ಕಬೇಕು, ಕಷಾಯ, ಮಗುವಿನ ಬಟ್ಟೆ. ಅಮ್ಮನೊಬ್ಬಳಿಂದ ಆಗುವ ಕೆಲಸವಲ್ಲ, ಒಪ್ಪುತ್ತೇನೆ. ಮನೆಯಲ್ಲಿ ಇಬ್ಬರು ಅಣ್ಣಂದಿರೂ ಇದ್ದರು. ಅವರ ಹೆಸರನ್ನು ಯಾರೂ ಎತ್ತಲಿಲ್ಲ.

“ಪರೀಕ್ಷಿ ಎಂತ ಓಡಿ ಹೋತ್ತಾ? ಬಪ್ಪ ವರ್ಷ ಬರಿ,” ಎಂದಳು ಅಮ್ಮ.

ನಾನು ಶಾಲೆಗೆ ಬಾರದ್ದು ಕಂಡು ಮಾಷ್ಟ್ರು ಮನೆಗೇ ಬಂದರು. ಅವರಿಗೆ ಬೆಲ್ಲ ನೀರು ಕೊಟ್ಟು ಬಾಗಿಲ ಬಳಿಯೇ ನಿಂತೆ. ನಾನು ಪರೀಕ್ಷೆಗೆ ಕೂರುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಹುಡುಗಿಯನ್ನು ಬಿಡಿಸಬೇಡಿ ಎಂದು ನೇರ ಹೇಳುವ ಬದಲು ಅವರು ಅಪ್ಪಯ್ಯನೆದುರು ನನ್ನಿಂದ ಗಿವ್ ಅಪ್ಪಿನ ಅರ್ಥ ಹೇಳಿಸಿದರು. ಕಲಿಯುವ ಹುಡುಗಿ ಎಂದು ತೋರಿಸಿದರೆ ಸಾಕು ಅಂದುಕೊಂಡರೋ ಏನೋ. ನಾನು ಒಂದನ್ನೂ ಬಿಡದೆ ಹೇಳಿದೆ, ವಾಕ್ಯ ಸಮೇತ.

ಅಪ್ಪಯ್ಯನ ಮುಖ ಅರಳಿತು. “ಇಷ್ಟೆಲ್ಲ ಬತ್ತ್ ಅಲ್ದಾ ಹೆಣ್ಣಿಗೆ! ಇನ್ನ್ ಕಲೂಕೆ ಎಂತ ಇತ್ತ್ ಮಾಷ್ಟ್ರೇ?”

ಮಾಷ್ಟ್ರು ನಕ್ಕರು. “ಅದೂ ಹೌದ್ ಅನ್ನಿ,” ಎಂದು ಬೆಲ್ಲದ ಚೂರು ಬಾಯಿಗಿಟ್ಟುಕೊಂಡರು. ಕ್ಲಾಸಿನಲ್ಲಿ ಬೆತ್ತ ಝಳಪಿಸುತ್ತಿದ್ದ ಮನುಷ್ಯ ಜಮೀನಿರುವ ಅಪ್ಪಯ್ಯನೆದುರು ಎರಡನೇ ಮಾತು ಆಡಲಿಲ್ಲ. ಅಪ್ಪಯ್ಯನನ್ನಾದರೂ ಕ್ಷಮಿಸಿಯೇನು. ಮಾಷ್ಟ್ರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮರುವರ್ಷ ಪರೀಕ್ಷೆಯ ಬದಲು ಮದುವೆ ಬಂತು. ಅದರ ಮುಂದಿನ ವರ್ಷ ನಾನೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಬಚ್ಚಲಲ್ಲಿ ನನ್ನ ಬೆನ್ನಿಗೆ ಬಿಸಿನೀರು ಹೊಯ್ದವಳು ತಂಗಿ. ಅವಳಾಗ ಒಂಬತ್ತನೇ ಕ್ಲಾಸು.

“ಶಾಲಿಗೆ ಹೋಯ್ಲ್ಯಾ?” ಎಂದು ಕೇಳಿದೆ.

“ಅಮ್ಮ ಬಿಡ್ಸಿದ್ಲ್,” ಎಂದು ಇನ್ನೊಂದು ಚೊಂಬು ಹೊಯ್ದಳು.