ಹಾಲಿದ್ದೂ ಕಾಯಿಸುವ ತಾಯಿ

ಸಿಂಧನೂರಿನ ಹತ್ತಿಬೀಜ ಬಿಡಿಸುವ ಜಿನ್ನಿನ ಮೊದಲ ಭೋಂಗಾ ಕೂಗುವ ಮುನ್ನವೇ ಗದ್ದೆಮ್ಮ ಅರಳೆ ರಾಶಿಯ ಮಗ್ಗುಲಲ್ಲಿ ಕೂತು ಐದು ತಿಂಗಳ ಮಗಳಿಗೆ ಹಾಲೂಡಿಸುತ್ತಿದ್ದಾಳೆ. ಉಸಿರು ಸುಂಯ್‌ಗುಡುತ್ತಿದೆ. ಕೂಸು ತಾನಾಗಿ ಎದೆ ಬಿಟ್ಟ ಮೇಲಷ್ಟೇ ಸೆರಗಿನ ಗಂಟು ಬಿಚ್ಚಿ ಉಬ್ಬಸದ ಗುಳಿಗೆ ನುಂಗುತ್ತಾಳೆ. ಮೊದಲು ಕೂಸು, ಆಮೇಲೆ ಗುಳಿಗೆ. ಈ ಕ್ರಮ ಒಂದು ದಿನವೂ ಹಿಂದುಮುಂದಾಗುವುದಿಲ್ಲ.

ನಿಜಾಮರ ಸವಾರಿಯ ಸುದ್ದಿಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಗ. ಅವರ ಸೀಮೆಯ ಈ ಹೆಂಗಸಿಗೆ ಒಂದು ಸಾಲೂ ಇಲ್ಲ. ಮುಕ್ಕುಂದದ ಗದ್ದೆಮ್ಮ ಜಿನ್ನಿಗೆ ಬಂದು ಆರು ವರ್ಷ. ಹತ್ತಿಯ ಧೂಳು ಎದೆಗಿಳಿದು ಉಬ್ಬಸ ಹಿಡಿದಿದೆ. ಅದನ್ನು ಕ್ಷಯವೆಂದೇ ತಿಳಿದ ಓಣಿಯವರು ಹತ್ತಿರ ಸುಳಿಯುವುದಿಲ್ಲ. ಸೊಲ್ಲಾಪುರದ ಮಿಲ್ಲಿಗೆ ದುಡಿಯಲು ಹೋದ ಗಂಡ ಪಕೀರಪ್ಪನೂ ಸುದ್ದಿ ಕೇಳಿ ಅಲ್ಲೇ ಉಳಿದುಬಿಟ್ಟಿದ್ದಾನೆ. ಲಿಂಗಸುಗೂರಿನ ಕಂಪೌಂಡರ್ ಇಸ್ಮಾಯಿಲ್‌ಸಾಬ್ ಕೊಡುವ ಗುಳಿಗೆ ಇಲ್ಲದಿದ್ದರೆ ಆಕೆ ಅರಳೆ ಬುಟ್ಟಿ ಎತ್ತಲಾರಳು. ಬುಟ್ಟಿ ಎತ್ತದಿದ್ದರೆ ಒಲೆ ಉರಿಯದು.

ಗುಳಿಗೆ ಶುರುವಾದಂದಿನಿಂದ ಕೂಸು ಮಲಗಲೇ ಇಲ್ಲ. ಬಿಟ್ಟ ಕಣ್ಣು ಬಿಟ್ಟಂತೆ ಕೈಕಾಲು ಅದುರಿಸುತ್ತ ಅಳುತ್ತಿತ್ತು. ದೃಷ್ಟಿ ತಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ಜಿನ್ನಿನ ಬೇರೆ ತಾಯಂದಿರಂತೆ ತಾನೂ ಸಾಸಿವೆಯಷ್ಟು ಅಫೀಮು ನೆಕ್ಕಿಸಿದಳು. ಬೆಳಿಗ್ಗೆ ಮಲಗಿದ ಕೂಸು ಸಂಜೆಯಾದರೂ ಏಳಲಿಲ್ಲ. ಎತ್ತಿಕೊಂಡರೆ ಕತ್ತು ವಾಲುತ್ತಿತ್ತು.

ಕೂಸು ಕಣ್ಣು ಬಿಟ್ಟ ಮರುದಿನವೇ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದಳು. ಇಸ್ಮಾಯಿಲ್‌ಸಾಬರು ಕೇಳಿದ್ದು ಒಂದೇ ಮಾತು: “ಗುಳಿಗಿ ತಗೊಂಡ ಮ್ಯಾಲ ನಿನಗರ ನಿದ್ದಿ ಬರತೈತೇನವಾ?”

ಬರುವುದಿಲ್ಲ, ಎದೆ ಡವಡವ ಬಡಿಯುತ್ತದೆ ಎಂದಳು.

“ಮತ್ತ ನಿನ್ನ ಹಾಲು ಕುಡದ ಕೂಸಿಗಿ ಹ್ಯಾಂಗ ಬರಬೇಕು?”

ದಿನಕ್ಕೆ ಒಂದೇ ಗುಳಿಗೆ, ಅದರ ಜೋರು ಇಳಿಯುವ ತನಕ ಎದೆ ಕೊಡಬೇಡ ಎಂದು ಹೇಳಿ ಕಳಿಸಿದರು. ಅಂದಿನಿಂದ ನಡುಹೊತ್ತಿನ ಭೋಂಗಾದವರೆಗೆ ಕೂಸಿಗೆ ಹಾಲಿಲ್ಲ. ಎದೆ ಬಿಗಿದು ನೋವಾದರೆ, ತಾಯಿಹಾಲು ಯಾರ ಕಾಲಿಗೂ ಸಿಗಬಾರದೆಂದು, ಗೋಡೆಯಾಚೆಯ ಬೇವಿನ ಬುಡಕ್ಕೆ ಹಿಂಡಿ ಬರುತ್ತಾಳೆ. ಕೂಸೀಗ ಚೆನ್ನಾಗಿ ಮಲಗುತ್ತದೆ. ಆದರೆ ಹಸಿದು ಎದ್ದು ಅತ್ತಾಗ ಗದ್ದೆಮ್ಮ ಜಿನ್ನಿನ ಅಂಗಳದ ಆ ತುದಿಗೆ ಹೋಗಿ ನಿಲ್ಲುತ್ತಾಳೆ. ನೋಡಿದ ಹೆಂಗಸರು ಕಲ್ಲೆದೆಯವಳು ಎನ್ನುತ್ತಾರೆ.

ನಿನಗೆ ಏನು ಬೇಕು ಎಂದು ಕೇಳಿದರೆ ಹೇಳುತ್ತಾಳೆ:

“ನಾ ಎತ್ಕೊಂಡ್ರ ಹಾಲಿನ ವಾಸನಿಗಿ ಎದಿ ಹುಡುಕತೈತ್ರಿ. ಅದಕ್ಕ ದೂರ ನಿಂದರತೀನಿ. ಆ ಹೊತ್ತಿನಾಗ ಯಾರರ ಒಬ್ಬಾಕಿ ನನ್ನ ಮಗಳನ್ನ ಎತ್ಕೊಂಡ್ರ ಸಾಕ್ರಿ. ನನ್ನ ಹತ್ರ ಬರೂದು ಬ್ಯಾಡ.”