ನೋವು ನಿಂತವನು

ಗೂಡಲೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಸಿದ್ದಾಜಮ್ಮನಿಗೆ ಕಂಪೌಂಡರ್ ಅರುಳಪ್ಪನ ಜೊತೆ ಏಗಿ ಏಗಿ ಸಾಕಾಗಿತ್ತು. ಜೋರಾಗಿ ಕೂಗಿದವರನ್ನೇ ಅವನು ಮೊದಲು ಡಾಕ್ಟರ ಬಳಿ ಬಿಡುತ್ತಿದ್ದ.

೧೯೨೬ರ ಒಂದು ಬೆಳಿಗ್ಗೆ, ಹೊಟ್ಟೆನೋವೆಂದು ಬಂದಿದ್ದ ಹಾಲ ಎಂಬ ರೈತ ಇದ್ದಕ್ಕಿದ್ದಂತೆ ನರಳುವುದನ್ನು ನಿಲ್ಲಿಸಿ ಗೋಡೆಗೆ ಒರಗಿದ. ಸಿದ್ದಾಜಮ್ಮ ಮುಟ್ಟಿ ನೋಡಿದರೆ ಮೈ ತಣ್ಣಗೆ ಬೆವೆತಿತ್ತು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

“ಮೊದ್ಲು ಇವನ್ನ ಒಳಕ್ಕೆ ಬಿಡಿ ಸ್ವಾಮಿ.”

“ನೋವು ನಿಂತದೆ ಅಂತ ಅವನೇ ಹೇಳ್ತಾನಲ್ಲ, ಕಾಯಲಿ,” ಎಂದ ಅರುಳಪ್ಪ.

“ನಿಂತಿರೋದೇ ಹೆದರ್ಕೆ! ಎಷ್ಟು ಸಲ ಬಡ್ಕೊಳ್ಳಲಿ ನಿಮ್ಮತ್ರ?”

ಅವಳೇ ಬಾಗಿಲು ತಳ್ಳಿ ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು. ಹಾಲನ ಕರುಳು ಒಡೆದಿತ್ತು; ನೋವು ಒಮ್ಮೆಲೇ ನಿಂತದ್ದು ಅದಕ್ಕೇ. ಡಾಕ್ಟರು ಕೂಡಲೇ ಆಪರೇಷನ್ ಮಾಡಿ ಅವನನ್ನು ಉಳಿಸಿಕೊಂಡರು.

ಬಂದ ರೋಗಿಗಳನ್ನು ಮೊದಲು ನೋಡುವ ಕೆಲಸ ಅಂದಿನಿಂದ ಸಿದ್ದಾಜಮ್ಮನದಾಯಿತು.

“ಇಷ್ಟಕ್ಕೆ ಒಂದು ಜೀವ ಬಾಯಿಗೆ ಬರಬೇಕಿತ್ತಾ?” ಎಂದು ಅವಳು ಗೊಣಗಿದಳು.